ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ: ಅನಿಮೇಷನ್ ವಿಧಾನಗಳ ಕಲಿಕೆಯೂ ಉದ್ಯಮಕ್ಕೆ ಅದರ ಪ್ರಯೋಜನವೂ

ವಿಮಾನಪುರವೆಂದೊಡನೆ ನಾಡಿನ ಜನರ ನೆನಪಿಗೆ ಬರುವುದು 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಸ್ಥಾಪಿಸಿದ ವಿಮಾನ ಕಾರ್ಖಾನೆ, ಅಂದರೆ ಇಂದಿನ ಎಚ್‌ಎಎಲ್. ಆ ಕಾರ್ಖಾನೆಯ ಸುತ್ತ ಬೆಳೆದ ಬೆಂಗಳೂರಿನ ಪೂರ್ವಭಾಗದಲ್ಲಿ ಕಳೆದ ಎರಡು ದಶಕಗಳಿಂದೀಚೆಗೆ ಮತ್ತೊಂದು ಕಸುಬಿನ ನಾಮಫಲಕಗಳು ಹೆಚ್ಚುತ್ತಾ ಬಂದಿವೆ. ಇಂದಿರಾನಗರ, ಹಳೆಯ ವಿಮಾನ ನಿಲ್ದಾಣ ರಸ್ತೆ, ಮಾರತಹಳ್ಳಿಗಳ ಕಟ್ಟಡಗಳ ಮೇಲಂತಸ್ತುಗಳಲ್ಲಿ ಕಾಣುವ ಅನಿಮೇಷನ್ ತರಬೇತಿ ಕೇಂದ್ರಗಳೇ ಅವು. ಇಂತಹ ಒಂದು ಕೇಂದ್ರದಲ್ಲಿ ಎರಡು ವರ್ಷಗಳ ಶಿಕ್ಷಣವನ್ನು ಮುಗಿಸುತ್ತಿರುವ ವಿಮಾನಪುರ ನಿವಾಸಿಯಾದ ನನಗೆ, ಈ ಅವಧಿಯಲ್ಲಿ ಕಲಿತ ನಾಲ್ಕಾರು ವಿಧಾನಗಳ ಸ್ವರೂಪವನ್ನು ವಾಣಿಜ್ಯ ಕ್ಷೇತ್ರದ ಓದುಗರಿಗೆ ವಿವರಿಸುವುದು ಉಚಿತವೆಂದು ತೋರಿತು.

ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಇಂದು ಸಣ್ಣ ಉದ್ಯಮಿಯೂ ತನ್ನ ಸರಕಿನ ಪ್ರಚಾರಕ್ಕೆ, ಕಾರ್ಮಿಕರ ಸುರಕ್ಷತಾ ತರಬೇತಿಗೆ, ಯಂತ್ರದ ಕಾರ್ಯವಿಧಾನವನ್ನು ಗ್ರಾಹಕರಿಗೆ ತೋರಿಸಲು ಅನಿಮೇಷನ್ ಮಾಡಿಸುತ್ತಾನೆ. ಆದರೆ ಯಾವ ವಿಧಾನಕ್ಕೆ ಏಕೆ ಅಷ್ಟು ವೆಚ್ಚವೆಂಬುದು ಅನೇಕರಿಗೆ ತಿಳಿದಿರುವುದಿಲ್ಲ. ಎರಡನೆಯದಾಗಿ, ಈ ಕಸುಬಿಗೆ ಬರುವ ಯುವಜನರು ಏನನ್ನು ಕಲಿತು ಬರಬೇಕೆಂಬ ಪ್ರಶ್ನೆ ಈಗ ಹಿಂದೆಂದಿಗಿಂತಲೂ ಗಂಭೀರವಾಗಿದೆ.

ಮೂಲ ಲೆಕ್ಕ

ಎಲ್ಲ ವಿಧಾನಗಳಿಗೂ ತಳಹದಿ ಒಂದೇ. ಸ್ವಲ್ಪ ಸ್ವಲ್ಪವೇ ಬದಲಾಗುವ ಸ್ಥಿರಚಿತ್ರಗಳನ್ನು ವೇಗವಾಗಿ ಒಂದರ ನಂತರ ಒಂದರಂತೆ ತೋರಿಸಿದಾಗ ನಮ್ಮ ಕಣ್ಣು ಮತ್ತು ಮೆದುಳು ಅವನ್ನು ಚಲನೆಯೆಂದು ಗ್ರಹಿಸುತ್ತವೆ. ಚಲನಚಿತ್ರದಲ್ಲಿ ಈ ವೇಗ ಸೆಕೆಂಡಿಗೆ 24 ಚಿತ್ರ. ನಮ್ಮ ದೇಶದ ದೂರದರ್ಶನ ಪ್ರಸಾರದಲ್ಲಿ 25. ಹಾಗಾಗಿ 30 ಸೆಕೆಂಡಿನ ಒಂದು ಜಾಹೀರಾತೆಂದರೆ 24ರ ಲೆಕ್ಕದಲ್ಲಿ 720 ಚಿತ್ರಗಳು. ಅನಿಮೇಷನ್ನಿನ ವೆಚ್ಚ, ಕಾಲ, ಶ್ರಮಗಳ ಚರ್ಚೆಯೆಲ್ಲವೂ ಈ 720 ಚಿತ್ರಗಳನ್ನು ಯಾರು, ಯಾವುದರಿಂದ, ಹೇಗೆ ತುಂಬುತ್ತಾರೆ ಎಂಬುದರ ಸುತ್ತಲೇ ನಡೆಯುತ್ತದೆ.

ಈ ಲೆಕ್ಕದ ಮಹತ್ವ ವಿಮಾನಪುರದವರಿಗೆ ಸುಲಭವಾಗಿ ಮನದಟ್ಟಾಗುವಂತಹುದು. ನಮ್ಮ ಮನೆಗಳ ಮೇಲೆ ಹಾರುವ ಹೆಲಿಕಾಪ್ಟರನ್ನು ವಿಡಿಯೊ ತೆಗೆದು ನೋಡಿದರೆ ರೋಟರಿನ ಅಲಗುಗಳು ಕೆಲವೊಮ್ಮೆ ಹಿಮ್ಮುಖವಾಗಿ ತಿರುಗುವಂತೆ ಕಾಣುತ್ತವೆ. ನಾಲ್ಕು ಅಲಗುಗಳ ರೋಟರೊಂದು ಸೆಕೆಂಡಿಗೆ ಐದು ಸುತ್ತು ತಿರುಗುತ್ತದೆಂದು ಭಾವಿಸೋಣ. ಆಗ ಒಂದು ಚಿತ್ರದಿಂದ ಮುಂದಿನ ಚಿತ್ರದೊಳಗೆ ಪ್ರತಿ ಅಲಗು 75 ಡಿಗ್ರಿ ಚಲಿಸಿರುತ್ತದೆ. ಅಲಗುಗಳ ನಡುವಿನ ಅಂತರ 90 ಡಿಗ್ರಿ. ಎಲ್ಲ ಅಲಗುಗಳೂ ಒಂದೇ ಬಗೆಯವು. ಆದುದರಿಂದ ಕಣ್ಣು ಅದನ್ನು 75 ಡಿಗ್ರಿ ಮುಂದೆ ಹೋಯಿತೆಂದು ಓದದೆ 15 ಡಿಗ್ರಿ ಹಿಂದೆ ಸರಿಯಿತೆಂದು ಓದುತ್ತದೆ. ಫ್ಯಾನು, ಚಕ್ರ, ಲೇತಿನಂತಹ ತಿರುಗುವ ಯಂತ್ರಗಳನ್ನು ಚಿತ್ರಿಸುವವರು ಈ ಕಾರಣದಿಂದಲೇ ಅಲಗುಗಳನ್ನು ಮಸುಕುಗೊಳಿಸಿ ತೋರಿಸುತ್ತಾರೆ. ಪಂಪನ್ನೋ ಟರ್ಬೈನನ್ನೋ ತಯಾರಿಸುವ ಉದ್ಯಮಿಯು ತನ್ನ ಯಂತ್ರವು ಪರದೆಯ ಮೇಲೆ ತಿರುಗುಮುರುಗಾಗಿ ಓಡುವುದನ್ನು ಬಯಸಲಾರನಷ್ಟೆ!

ಕೈಯಿಂದ ಬಿಡಿಸುವ ಚಿತ್ರ

ಎಲ್ಲಕ್ಕೂ ಮೊದಲು ನಮಗೆ ಕಲಿಸಿದ್ದು ಕಾಗದ ಮತ್ತು ಪೆನ್ಸಿಲಿನ ವಿಧಾನ. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಹಿಂದಿನ ಚಿತ್ರವನ್ನಿರಿಸಿ, ಅದರ ಮೇಲೆ ಹೊಸ ಹಾಳೆಯನ್ನು ಹಾಕಿ ಸ್ವಲ್ಪ ವ್ಯತ್ಯಾಸದೊಡನೆ ಮುಂದಿನ ಚಿತ್ರವನ್ನು ಬಿಡಿಸಬೇಕು. ಮೊದಲು ಚಲನೆಯ ಮುಖ್ಯ ಭಂಗಿಗಳನ್ನು ನಿರ್ಧರಿಸಿ, ಆ ಬಳಿಕ ಅವುಗಳ ನಡುವಿನ ಚಿತ್ರಗಳನ್ನು ತುಂಬುವುದು ಕ್ರಮ. ಒಂದು ಚಿತ್ರವನ್ನು ಎರಡು ಬಾರಿ ತೋರಿಸುವ ರೂಢಿಯಿರುವುದರಿಂದ ಸೆಕೆಂಡಿಗೆ 12 ಚಿತ್ರಗಳು ಸಾಕಾಗುತ್ತವೆ. ಹೀಗೆ 30 ಸೆಕೆಂಡಿಗೆ 360. ಸರಳ ಪಾತ್ರವೊಂದರ ಶುದ್ಧ ಚಿತ್ರಗಳನ್ನು ದಿನಕ್ಕೆ ಇಪ್ಪತ್ತರಂತೆ ಬಿಡಿಸಿದರೂ ಒಬ್ಬ ಕಲಾವಿದನಿಗೆ 18 ದಿನಗಳು ಬೇಕು. ಬಣ್ಣ, ಹಿನ್ನೆಲೆ, ಧ್ವನಿಗಳ ಕೆಲಸ ಇದಕ್ಕೆ ಹೊರತಾದುದು.

ಭಾರತದಲ್ಲಿ ಈ ವಿಧಾನಕ್ಕೆ ಕ್ರಮಬದ್ಧ ತರಬೇತಿ ದೊರೆತದ್ದು 1956ರಲ್ಲಿ. ಡಿಸ್ನಿ ಸಂಸ್ಥೆಯಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಅವರು ಮುಂಬಯಿಯ ಫಿಲ್ಮ್ಸ್ ಡಿವಿಷನ್ನಿಗೆ ಬಂದು ನಮ್ಮ ಕಲಾವಿದರಿಗೆ ಕಲಿಸಿದರು. ಆ ತರಬೇತಿಯ ಫಲವಾಗಿ 'ದಿ ಬ್ಯಾನಿಯನ್ ಡೀರ್' ಎಂಬ ಕಿರುಚಿತ್ರ 1957ರಲ್ಲಿ ಸಿದ್ಧವಾಯಿತು. ಮುಂದೆ ಭಾರತೀಯ ಅನಿಮೇಷನ್ನಿನ ಹಿರಿಯರೆನಿಸಿದ ರಾಮ್ ಮೋಹನ್ ಅವರು ಆ ಗರಡಿಯಲ್ಲಿ ಪಳಗಿದವರೇ.

ಗಣಕಯಂತ್ರದ ಯುಗದಲ್ಲಿ ಪೆನ್ಸಿಲೇಕೆ ಎಂಬ ಪ್ರಶ್ನೆ ಸಹಜ. ನೆಲಕ್ಕೆ ಬಿದ್ದು ಪುಟಿಯುವ ಚೆಂಡಿನ ಅಭ್ಯಾಸವೇ ಇದಕ್ಕೆ ಉತ್ತರ. ಮೇಲೇರುವಾಗ ಚೆಂಡು ನಿಧಾನಿಸುತ್ತದೆ, ಆದ್ದರಿಂದ ಚಿತ್ರಗಳು ಒತ್ತೊತ್ತಾಗಿ ಬರುತ್ತವೆ; ಬೀಳುವಾಗ ವೇಗ ಹೆಚ್ಚುತ್ತದೆ, ಚಿತ್ರಗಳ ನಡುವಣ ಅಂತರವೂ ಹೆಚ್ಚುತ್ತದೆ. ರಬ್ಬರಿನ ಚೆಂಡಾದರೆ ನೆಲಕ್ಕೆ ತಾಗಿದಾಗ ಚಪ್ಪಟೆಯಾಗುತ್ತದೆ. ಕಬ್ಬಿಣದ ಗುಂಡಾದರೆ ಆಗದು. ಚಿತ್ರದಿಂದ ಚಿತ್ರಕ್ಕೆ ಇರುವ ಈ ಅಂತರವೊಂದರಿಂದಲೇ ನೋಡುಗರು ವಸ್ತುವಿನ ತೂಕವನ್ನು ಗುರುತಿಸುತ್ತಾರೆ. ಡಿಸ್ನಿಯ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್ಸ್‌ಟನ್ ಅವರು 1981ರ ತಮ್ಮ ಗ್ರಂಥದಲ್ಲಿ ಕ್ರೋಡೀಕರಿಸಿದ ಹನ್ನೆರಡು ತತ್ತ್ವಗಳಲ್ಲಿ ಇದೂ ಸೇರಿದೆ. ಇಂದಿನ ತಂತ್ರಾಂಶಗಳು ನಡುಚಿತ್ರಗಳನ್ನು ತಾವೇ ತುಂಬುತ್ತವೆ. ಆದರೆ ಅಂತರ ಸರಿಯಾಗಿದೆಯೇ ಎಂದು ತೀರ್ಮಾನಿಸುವುದು ಮನುಷ್ಯನ ಕಣ್ಣು. ಆ ಕಣ್ಣು ಪಳಗುವುದು ಕೈಯಿಂದ ಬಿಡಿಸಿದಾಗಲೇ.

ತೊಗಲುಗೊಂಬೆಯ ಪರಂಪರೆ

ಎರಡನೆಯದು ಕತ್ತರಿಸಿದ ಬಿಡಿಭಾಗಗಳ ವಿಧಾನ. ಪಾತ್ರದ ತಲೆ, ತೋಳು, ಮುಂಗೈ, ಕಾಲುಗಳನ್ನು ಬೇರೆ ಬೇರೆಯಾಗಿ ಮಾಡಿ ಕೀಲುಗಳಲ್ಲಿ ಜೋಡಿಸಿ, ಪ್ರತಿ ಚಿತ್ರಕ್ಕೂ ಸ್ವಲ್ಪ ಸ್ವಲ್ಪ ಸರಿಸುವುದು. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಮಹಿಳೆ ಕಪ್ಪು ಕಾಗದವನ್ನು ಕತ್ತರಿಸಿ ಮಾಡಿದ ಆಕೃತಿಗಳಿಂದ 1926ರಲ್ಲಿ ತೆರೆಗೆ ತಂದ 'ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್' ಚಿತ್ರವು ಇಂದಿಗೂ ಉಳಿದುಬಂದಿರುವ ಪೂರ್ಣಾವಧಿಯ ಅನಿಮೇಷನ್ ಚಿತ್ರಗಳಲ್ಲಿ ಅತ್ಯಂತ ಹಳೆಯದು.

ಕನ್ನಡಿಗರಿಗೆ ಈ ತಂತ್ರ ಹೊಸದೇನಲ್ಲ. ಹದಮಾಡಿದ ಚರ್ಮದ ಮೇಲೆ ಬಣ್ಣ ಬರೆದು, ದೀಪದ ಬೆಳಕಿನಲ್ಲಿ ಬಿಳಿಯ ಪರದೆಯ ಹಿಂದೆ ಆಡಿಸುವ ತೊಗಲುಗೊಂಬೆಯಾಟ ನಮ್ಮ ನಾಡಿನಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಕೊಪ್ಪಳ ಜಿಲ್ಲೆಯ ಹಿರಿಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಗೌರವ ಸಂದಿತು. ಈ ಗೊಂಬೆಗಳಲ್ಲಿ ರಾಜ ಮತ್ತು ದೇವರ ಆಕೃತಿಗಳು ದೊಡ್ಡವು, ಸೇವಕರ ಆಕೃತಿಗಳು ಚಿಕ್ಕವು. ಯಾರನ್ನು ನೋಡಬೇಕೆಂದು ಪ್ರೇಕ್ಷಕನ ಕಣ್ಣಿಗೆ ಹೀಗೆ ಮೊದಲೇ ಸೂಚಿಸಲಾಗುತ್ತದೆ. ಇಂದಿನ ಜಾಹೀರಾತು ವಿನ್ಯಾಸಕಾರನೂ ಇದೇ ಉಪಾಯವನ್ನು ಬಳಸುತ್ತಾನೆ.

ಗಣಕದ ಎರಡು ಆಯಾಮದ ಅನಿಮೇಷನ್ ಬಹುಮಟ್ಟಿಗೆ ಈ ವಿಧಾನದ ಮುಂದುವರಿಕೆಯೇ ಆಗಿದೆ. ಒಮ್ಮೆ ಪಾತ್ರಕ್ಕೆ ಕೀಲುಗಳನ್ನು ಕೂರಿಸಿಟ್ಟರೆ ಅದೇ ಪಾತ್ರವನ್ನು ಹತ್ತು ಪ್ರಸಂಗಗಳಲ್ಲಿ ಬಳಸಬಹುದು. ಮೊದಲ ಪ್ರಸಂಗಕ್ಕೆ ಶ್ರಮ ಹೆಚ್ಚು, ಅನಂತರದವಕ್ಕೆ ಕಡಿಮೆ. ಬ್ಯಾಂಕು, ವಿಮೆ, ಆರೋಗ್ಯ, ಕೃಷಿ ಸಲಕರಣೆಗಳ ಬಗ್ಗೆ ಸರಣಿಯಾಗಿ ತಿಳಿವಳಿಕೆ ನೀಡಬೇಕಾದ ಸಂಸ್ಥೆಗಳಿಗೆ ಇದು ಮಿತವ್ಯಯದ ಮಾರ್ಗ.

ಮಣ್ಣು, ತಂತಿ ಮತ್ತು ದೀಪ

ಮೂರನೆಯ ವಿಧಾನದಲ್ಲಿ ನಿಜವಾದ ವಸ್ತುವನ್ನೇ ಅಂಗುಲ ಅಂಗುಲ ಸರಿಸಿ, ಪ್ರತಿ ಬಾರಿಯೂ ಒಂದು ಛಾಯಾಚಿತ್ರ ತೆಗೆಯಲಾಗುತ್ತದೆ. ಭಾರತೀಯ ಚಲನಚಿತ್ರದ ಜನಕರಾದ ದಾದಾಸಾಹೇಬ್ ಫಾಲ್ಕೆಯವರು 1915ರಷ್ಟು ಹಿಂದೆಯೇ ಬೆಂಕಿಕಡ್ಡಿಗಳನ್ನು ಹೀಗೆ ಕುಣಿಸಿದ್ದರು.

ಗಣೇಶ ಚತುರ್ಥಿಗೆ ಮುನ್ನ ದಂಡುಪ್ರದೇಶದ ಪಾಟರಿ ಟೌನಿನಲ್ಲಿ ಮಣ್ಣಿನ ಮೂರ್ತಿಗಳು ಸಾಲುಗಟ್ಟಿ ನಿಲ್ಲುವುದನ್ನು ನಗರದವರೆಲ್ಲರೂ ಬಲ್ಲರು. ಅಲ್ಲಿನ ಮೂರ್ತಿಗೆ ಸ್ಥಿರತೆಯೇ ಗುಣ. ನಮ್ಮ ಗೊಂಬೆಗಾದರೋ ಬಾಗುವ ಬೆನ್ನು, ಮಡಚುವ ಮೊಣಕೈ ಬೇಕು. ಅದಕ್ಕಾಗಿ ಒಳಗೆ ಅಲ್ಯೂಮಿನಿಯಂ ತಂತಿಯ ಅಸ್ಥಿಪಂಜರವನ್ನು ಕಟ್ಟಲಾಗುತ್ತದೆ. ನೀರು ಬೆರೆಸಿದ ಜೇಡಿಮಣ್ಣು ದೀಪಗಳ ಶಾಖಕ್ಕೆ ಒಣಗಿ ಬಿರಿಯುವುದರಿಂದ ಎಣ್ಣೆ ಬೆರೆತ ಕೃತಕ ಮಣ್ಣನ್ನು ಬಳಸುತ್ತಾರೆ. ಗೊಂಬೆ ನಿಲ್ಲಲು ಅದರ ಪಾದವನ್ನು ವೇದಿಕೆಗೆ ತಿರುಪಿನಿಂದ ಬಿಗಿಯಬೇಕು. ಕಿಟಕಿಯ ಬಿಸಿಲು ಒಳಗೆ ಬಂದರೆ ಬೆಳಕು ಏರಿಳಿದು ಚಿತ್ರವೆಲ್ಲ ಮಿಣುಕುತ್ತದೆ; ಆದ್ದರಿಂದ ಕೋಣೆಯನ್ನು ಪೂರ್ಣ ಕತ್ತಲು ಮಾಡಿ, ಕ್ಯಾಮೆರಾದ ಸ್ವಯಂಚಾಲಿತ ಹೊಂದಾಣಿಕೆಗಳನ್ನೆಲ್ಲ ಸ್ಥಗಿತಗೊಳಿಸಬೇಕು. ವಿದ್ಯುತ್ ಕಡಿತಕ್ಕೆ ಪರ್ಯಾಯ ವ್ಯವಸ್ಥೆಯಿಲ್ಲದೆ ಈ ಕೆಲಸಕ್ಕೆ ಕೈಹಾಕುವಂತಿಲ್ಲ. ನಮ್ಮ ತರಗತಿಯ ನಾಲ್ವರ ತಂಡ ದಿನವಿಡೀ ದುಡಿದರೆ ಮೂರು ನಾಲ್ಕು ಸೆಕೆಂಡುಗಳ ಚಲನೆ ಸಿದ್ಧವಾಗುತ್ತಿತ್ತು.

ಇದರಲ್ಲಿ ಹಿಂದಕ್ಕೆ ಹೋಗಿ ತಿದ್ದುವ ಅವಕಾಶವಿಲ್ಲ. ನಲವತ್ತನೆಯ ಚಿತ್ರದಲ್ಲಿ ಕೈ ತಪ್ಪಾಗಿ ಸರಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗಬಹುದು. ಹೀಗಾಗಿ ಇದು ಪೂರ್ವಯೋಜನೆಯ ಶಿಸ್ತನ್ನು ಕಲಿಸುವಷ್ಟು ಬೇರಾವುದೂ ಕಲಿಸದು. ಉಣ್ಣೆ, ಮರ, ಮಣ್ಣು, ಆಹಾರಪದಾರ್ಥ ಮೊದಲಾದ ಸ್ಪರ್ಶಗುಣವುಳ್ಳ ಸರಕುಗಳ ಪ್ರಚಾರಕ್ಕೆ ಇದು ಬಹಳ ಒಪ್ಪುತ್ತದೆ. ಚನ್ನಪಟ್ಟಣದ ಮರದ ಗೊಂಬೆಗಳನ್ನು ಅವುಗಳ ಸಹಜ ಹೊಳಪಿನಲ್ಲೇ ನಡೆಸಿ ತೋರಿಸಲು ಇದಕ್ಕಿಂತ ಉತ್ತಮ ವಿಧಾನವಿಲ್ಲ.

ಗಣಕದ ಮೂರು ಆಯಾಮ

ನಾಲ್ಕನೆಯದಾದ ಮೂರು ಆಯಾಮದ ಗಣಕ ಅನಿಮೇಷನ್ನಿಗೇ ಇಂದು ಉದ್ಯೋಗಾವಕಾಶಗಳು ಹೆಚ್ಚು. ಇದು ಹಲವು ಹಂತಗಳ ಸರಪಳಿ: ಆಕೃತಿಯನ್ನು ರೂಪಿಸುವುದು, ಮೇಲ್ಮೈಗೆ ಬಣ್ಣ ಹಾಗೂ ಹೊಳಪು ನೀಡುವುದು, ಒಳಗೆ ಕೀಲುಗಳನ್ನು ಕೂರಿಸುವುದು, ಚಲನೆ ನೀಡುವುದು, ಬೆಳಕು ಹೊಂದಿಸುವುದು, ಕೊನೆಗೆ ರೆಂಡರಿಂಗ್. ಈ ಕೊನೆಯ ಹಂತದಲ್ಲಿ ಗಣಕವು ಪ್ರತಿ ಚಿತ್ರದ ಬೆಳಕು ನೆರಳುಗಳನ್ನು ಲೆಕ್ಕಹಾಕಿ ಅಂತಿಮ ಚಿತ್ರವನ್ನು ನೀಡುತ್ತದೆ. ಒಂದು ಚಿತ್ರಕ್ಕೆ ಹತ್ತು ನಿಮಿಷ ಹಿಡಿದರೆ 720 ಚಿತ್ರಗಳಿಗೆ 120 ಗಂಟೆ, ಅಂದರೆ ಒಂದೇ ಗಣಕವಾದರೆ ಐದು ಹಗಲು ಐದು ರಾತ್ರಿ. ಹತ್ತು ಗಣಕಗಳಿದ್ದರೆ ಅರ್ಧ ದಿನ. ಚಿತ್ರ ಸಿದ್ಧವಾದ ಮೇಲೆ ಗ್ರಾಹಕರು ಡಬ್ಬಿಯ ಬಣ್ಣವೊಂದನ್ನು ಬದಲಾಯಿಸಲು ಹೇಳಿದಾಗ ಸ್ಟುಡಿಯೊ ಹೆಚ್ಚುವರಿ ಶುಲ್ಕ ಕೇಳುವುದರ ಹಿಂದಿನ ಕಾರಣ ಇದೇ.

ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಯಂತ್ರ ತಯಾರಕರಲ್ಲಿ ತಮ್ಮ ಯಂತ್ರಗಳ ಗಣಕ ನಕ್ಷೆಗಳು ಹೇಗೂ ಇರುತ್ತವೆ. ಅವನ್ನೇ ಅನಿಮೇಷನ್ನಿಗೆ ಬಳಸಬಹುದು; ಆದರೆ ತಯಾರಿಕೆಗಾಗಿ ಮಾಡಿದ ನಕ್ಷೆಯಲ್ಲಿ ಪ್ರತಿ ತಿರುಪಿನ ಎಳೆಯೂ ಇರುವುದರಿಂದ ಅದು ಅತಿಭಾರವಾಗಿರುತ್ತದೆ, ಮೊದಲು ಹಗುರಗೊಳಿಸಬೇಕು. ವ್ಯಾಪಾರ ರಹಸ್ಯದ ಭಾಗಗಳನ್ನು ನಕ್ಷೆಯಿಂದ ತೆಗೆದೇ ಸ್ಟುಡಿಯೊಗೆ ನೀಡುವುದು ವಿವೇಕ.

ತಂತ್ರಾಂಶದ ದುಬಾರಿ ಪರವಾನಗಿಯೇ ಸಣ್ಣ ಸ್ಟುಡಿಯೊಗಳಿಗೆ ಅಡ್ಡಿಯೆಂಬ ಮಾತು ಈಗ ಸಡಿಲವಾಗಿದೆ. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಅವರು ನಿರ್ದೇಶಿಸಿದ 'ಫ್ಲೋ' ಚಿತ್ರವು ಉಚಿತವಾಗಿ ದೊರೆಯುವ ಬ್ಲೆಂಡರ್ ತಂತ್ರಾಂಶದಲ್ಲಿ ತಯಾರಾಗಿ 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆಯಿತು.

ಕನ್ನಡದ ತುಟಿಚಲನೆ

ಪಾತ್ರವು ಮಾತನಾಡುವಾಗ ಬಾಯಿಯ ಆಕಾರ ಧ್ವನಿಗೆ ಹೊಂದಬೇಕು. ನಮಗೆ ದೊರೆಯುವ ಬಾಯಿಯ ಆಕಾರಗಳ ಪಟ್ಟಿಗಳು ಬಹುತೇಕ ಇಂಗ್ಲಿಷ್ ಉಚ್ಚಾರಣೆಯನ್ನು ಆಧರಿಸಿದವು. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚುವುದು ಎಲ್ಲ ಭಾಷೆಗಳಲ್ಲೂ ಸಮಾನ. ಆದರೆ ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. ವಾಕ್ಯದ ಕೊನೆಯಲ್ಲಿ ಬಾಯಿ ಇನ್ನೂ ತೆರೆದೇ ಇರುತ್ತದೆ. ಬೇರೆ ಭಾಷೆಗಾಗಿ ಮಾಡಿದ ಜಾಹೀರಾತಿಗೆ ಕನ್ನಡದ ಧ್ವನಿಯನ್ನು ಜೋಡಿಸಿದಾಗ ಪಾತ್ರವು ಮಾತು ಮುಗಿಯುವ ಮುನ್ನವೇ ಬಾಯಿ ಮುಚ್ಚಿಕೊಳ್ಳುವುದುಂಟು. ನೋಡುಗರಿಗೆ ಕಾರಣ ಹೇಳಲು ಬಾರದಿದ್ದರೂ ಈ ಮಾತು ಎರವಲಿನದೆಂದು ಭಾಸವಾಗುತ್ತದೆ. ಕರ್ನಾಟಕದ ಗ್ರಾಮೀಣ ಮಾರುಕಟ್ಟೆಯನ್ನು ತಲುಪಬಯಸುವ ಉದ್ಯಮಿಗಳು ಮೊದಲಿಗೇ ಕನ್ನಡದಲ್ಲಿ ಚಿತ್ರ ಮಾಡಿಸುವುದರ ಲಾಭವನ್ನು ಇಲ್ಲಿ ಗಮನಿಸಬಹುದು.

ಕೃತಕ ಬುದ್ಧಿಮತ್ತೆಯ ಪ್ರವೇಶ

ಲಿಖಿತ ವಿವರಣೆಯನ್ನು ಕೊಟ್ಟರೆ ಕೆಲವು ಸೆಕೆಂಡುಗಳ ಚಲನಚಿತ್ರವನ್ನೇ ರಚಿಸಿಕೊಡುವ ಸಾಧನಗಳು ಈಗ ಬಳಕೆಗೆ ಬಂದಿವೆ. ನಮ್ಮ ತರಗತಿಯಲ್ಲೂ ಅವುಗಳ ಅಭ್ಯಾಸ ನಡೆಯಿತು. ಹಿನ್ನೆಲೆಯ ಕರಡು, ಬಣ್ಣಗಳ ಪರ್ಯಾಯ, ಆರಂಭಿಕ ಕಲ್ಪನೆಗಳಿಗೆ ಅವು ಬಹಳ ಉಪಯುಕ್ತ. ಆದರೆ ಒಂದೇ ಪಾತ್ರದ ಮುಖ, ಉಡುಪು, ಅಳತೆಗಳನ್ನು ದೃಶ್ಯದಿಂದ ದೃಶ್ಯಕ್ಕೆ ತಪ್ಪದೆ ಕಾಪಾಡುವುದು ಅವಕ್ಕೆ ಸುಲಭವಾಗಿಲ್ಲ. ಯಂತ್ರದ ಗೇರುಗಳು ಪರಸ್ಪರ ಕಚ್ಚುವ ರೀತಿಯನ್ನು ತೋರಿಸಬೇಕಾದ ತಾಂತ್ರಿಕ ಚಿತ್ರದಲ್ಲಿ, ನೋಡಲು ಸೊಗಸಾದರೂ ಸತ್ಯವಲ್ಲದ ಚಲನೆ ಅಪಾಯಕಾರಿ. ತಪ್ಪು ಎಲ್ಲಿದೆಯೆಂದು ಗುರುತಿಸಿ ತಿದ್ದಬಲ್ಲವನು ಚಲನೆಯ ಮೂಲತತ್ತ್ವವನ್ನು ಕಲಿತವನೇ ಆಗಿರುತ್ತಾನೆ.

2025ರ ಪಾಠ

2012ರಲ್ಲಿ ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಹಾಗೂ ಕಾಮಿಕ್ಸ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. 2024ರಿಂದ 2029ರ ಅವಧಿಗೆ ಅದರ ನೂತನ ಆವೃತ್ತಿ ಜಾರಿಗೆ ಬಂದಿದೆ. ಇಷ್ಟಾದರೂ ಇಲ್ಲಿನ ಕೆಲಸದ ದೊಡ್ಡ ಪಾಲು ಹೊರದೇಶಗಳ ಗುತ್ತಿಗೆಯನ್ನು ಅವಲಂಬಿಸಿದೆ. 2025ರ ಫೆಬ್ರುವರಿಯಲ್ಲಿ ಪ್ಯಾರಿಸ್ ಮೂಲದ ಟೆಕ್ನಿಕಲರ್ ಸಮೂಹ ಆರ್ಥಿಕವಾಗಿ ಕುಸಿದಾಗ ಅದರ ಭಾರತೀಯ ಘಟಕಗಳೂ ಮುಚ್ಚಿ, ಬೆಂಗಳೂರಿನ ಕಲಾವಿದರು ದೊಡ್ಡ ಸಂಖ್ಯೆಯಲ್ಲಿ ಕೆಲಸ ಕಳೆದುಕೊಂಡರು. ಸಾಲ ಮಾಡಿ ಶುಲ್ಕ ಕಟ್ಟಿ ಕಲಿಯುತ್ತಿರುವ ಸಣ್ಣ ಊರುಗಳ ವಿದ್ಯಾರ್ಥಿಗಳಲ್ಲಿ ಈ ಸುದ್ದಿ ಮೂಡಿಸಿದ ಕಳವಳ ಅಷ್ಟಿಷ್ಟಲ್ಲ. ಮೂರು ಆಯಾಮದ ಸರಪಳಿಯ ಒಂದೇ ಕೊಂಡಿಯನ್ನು, ಒಂದೇ ತಂತ್ರಾಂಶದಲ್ಲಿ ಕಲಿತವನಿಗೆ ಆ ಕೊಂಡಿ ಕಳಚಿದೊಡನೆ ದಾರಿ ಕಾಣದು. ಕಾಗದ, ಕತ್ತರಿ, ಮಣ್ಣುಗಳಿಂದ ಆರಂಭಿಸಿದವನು ಕತೆಯಿಂದ ಧ್ವನಿಯವರೆಗಿನ ಇಡೀ ಕಸುಬನ್ನು ಬಲ್ಲನಾದ್ದರಿಂದ ಸಣ್ಣ ಪ್ರಮಾಣದಲ್ಲಾದರೂ ಸ್ವಂತ ಕೆಲಸವನ್ನು ಕಟ್ಟಿಕೊಳ್ಳಬಲ್ಲ. ಆದರೆ ಅಂತಹವನಿಗೆ ಸ್ಥಳೀಯ ಗ್ರಾಹಕರು ಬೇಕು.

ಸ್ಥಳೀಯ ಕತೆಗಳಿಗೆ ಮಾರುಕಟ್ಟೆಯಿದೆ ಎಂಬುದಕ್ಕೆ ನಿದರ್ಶನಗಳಿವೆ. ಗೋವಿನ ಹಾಡನ್ನು ಆಧರಿಸಿ ಬೆಂಗಳೂರಿನ ವಿ. ರವಿಶಂಕರ್ ಅವರು ನಿರ್ದೇಶಿಸಿದ ಸಂಸ್ಕೃತ ಅನಿಮೇಷನ್ ಚಿತ್ರ 'ಪುಣ್ಯಕೋಟಿ'ಯು ಜನರ ದೇಣಿಗೆಯ ಬೆಂಬಲದಿಂದ ತಯಾರಾಗಿ 2020ರಲ್ಲಿ ನೆಟ್‌ಫ್ಲಿಕ್ಸಿನಲ್ಲಿ ತೆರೆಕಂಡಿತು. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ 'ಮಹಾವತಾರ್ ನರಸಿಂಹ' 2025ರ ಜುಲೈನಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬಿಡುಗಡೆಯಾಗಿ ಭಾರತೀಯ ಅನಿಮೇಷನ್ ಚಿತ್ರಗಳ ಗಳಿಕೆಯ ದಾಖಲೆಯನ್ನು ಮುರಿಯಿತು.

ಉದ್ಯಮಿಗಳ ಗಮನಕ್ಕೆ

ಅನಿಮೇಷನ್ ಮಾಡಿಸಬಯಸುವ ಸದಸ್ಯ ಸಂಸ್ಥೆಗಳು ಈ ಕೆಳಗಿನ ಅಂಶಗಳನ್ನು ಪಾಲಿಸಿದಲ್ಲಿ ಹಣ, ಕಾಲಗಳೆರಡೂ ಉಳಿಯುತ್ತವೆ:

1. ಚಿತ್ರವನ್ನು ಯಾರು, ಎಲ್ಲಿ ನೋಡುತ್ತಾರೆ ಎಂಬುದನ್ನು ಮೊದಲು ನಿರ್ಧರಿಸಿ. ವಿಧಾನದ ಆಯ್ಕೆ ಅನಂತರದ್ದು. ಸರಣಿಗೆ ಬಿಡಿಭಾಗಗಳ ವಿಧಾನ, ಯಂತ್ರಕ್ಕೆ ಮೂರು ಆಯಾಮ, ಕರಕುಶಲ ವಸ್ತುವಿಗೆ ಛಾಯಾಚಿತ್ರದ ವಿಧಾನ ಸಾಮಾನ್ಯವಾಗಿ ಹೊಂದುತ್ತವೆ.

2. ಸಂಭಾಷಣೆ, ದೃಶ್ಯಗಳ ರೇಖಾಚಿತ್ರ, ಧ್ವನಿಯೊಡನೆ ಜೋಡಿಸಿದ ಕರಡುಚಿತ್ರ ಈ ಮೂರು ಹಂತಗಳಲ್ಲಿ ಲಿಖಿತ ಒಪ್ಪಿಗೆ ನೀಡಿ. ಬದಲಾವಣೆಗಳನ್ನೆಲ್ಲ ಇಲ್ಲಿಯೇ ಸೂಚಿಸಿ.

3. 1957ರ ಹಕ್ಕುಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಮಾಡಿಸಿದ ಚಲನಚಿತ್ರದ ಮೊದಲ ಒಡೆತನ, ವಿರುದ್ಧ ಒಪ್ಪಂದವಿಲ್ಲದಿದ್ದಲ್ಲಿ, ಮಾಡಿಸಿದವರಿಗೆ ಸೇರುತ್ತದೆ. ಆದರೂ ಪಾತ್ರದ ವಿನ್ಯಾಸ, ಮೂಲ ಕಡತಗಳು, ಧ್ವನಿ ಹಾಗೂ ಸಂಗೀತದ ಹಕ್ಕುಗಳನ್ನು ಒಪ್ಪಂದದಲ್ಲಿ ಪ್ರತ್ಯೇಕವಾಗಿ ನಮೂದಿಸುವುದು ಕ್ಷೇಮ.

4. ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಎಲ್ಲಿ ಬಳಸಲಾಗಿದೆಯೆಂದು ಸ್ಟುಡಿಯೊದಿಂದ ಲಿಖಿತ ಹೇಳಿಕೆ ಪಡೆಯಿರಿ.

5. ವಿದ್ಯಾರ್ಥಿಗಳಿಗೆ ಕೆಲಸ ನೀಡುವಾಗ ಚಿಕ್ಕದಾದರೂ ಸಂಭಾವನೆ ಇರಲಿ, ಚಿತ್ರದ ಕೊನೆಯಲ್ಲಿ ಅವರ ಹೆಸರಿರಲಿ. ಮುಂದಿನ ಕೆಲಸಕ್ಕೆ ಅದೇ ಅವರ ಪ್ರಮಾಣಪತ್ರ.

ತರಬೇತಿಗೆ ಸೇರಬಯಸುವ ಮಕ್ಕಳ ಪೋಷಕರೂ ಒಂದು ಪ್ರಶ್ನೆಯನ್ನು ಕೇಳಿ ನೋಡಬೇಕು: ಮೊದಲ ಆರು ತಿಂಗಳು ಇಲ್ಲಿ ಪೆನ್ಸಿಲ್ ಹಿಡಿಸುತ್ತೀರಾ? ಅದಕ್ಕೆ ದೊರೆಯುವ ಉತ್ತರವು ಸಂಸ್ಥೆಯ ಜಾಹೀರಾತಿಗಿಂತ ಹೆಚ್ಚಿನದನ್ನು ತಿಳಿಸುತ್ತದೆ. ತಂತ್ರಾಂಶಗಳು ಕೆಲವೇ ವರ್ಷಗಳಲ್ಲಿ ಬದಲಾಗುತ್ತವೆ. ತೂಕ, ವೇಗ, ಭಂಗಿಗಳನ್ನು ಗುರುತಿಸುವ ಕಣ್ಣು ಒಮ್ಮೆ ಪಳಗಿದರೆ ಉಳಿಯುತ್ತದೆ. ಅಂತಹ ಕಣ್ಣುಳ್ಳ ಯುವಜನರನ್ನು ಸಿದ್ಧಪಡಿಸುವುದು ಶಿಕ್ಷಣ ಸಂಸ್ಥೆಗಳ ಹೊಣೆ. ಅವರಿಗೆ ನಾಡಿನೊಳಗೇ ದುಡಿಮೆ ಒದಗಿಸುವುದು ಈ ಪತ್ರಿಕೆಯ ಓದುಗರಾದ ಉದ್ಯಮಿಗಳಿಂದ ಸಾಧ್ಯವಾಗುವ ಕಾರ್ಯ.